ಉಪ್ಪಿನ ಲೆಕ್ಕ

ಕಕ್ಕಬ್ಬೆ ದಾಟಿ ಎರಡನೇ ತಿರುವಿಗೆ ಜೀಪು ನಿಂತಿತು.
ಇನ್ನು ಕಾಲೇ ಗಾಡಿ, ಎಂದ ಮಾದು.
ನನ್ನ ಚೀಲದಲ್ಲಿ ಜಾನುವಾರು ಗಣತಿಯ ಟ್ಯಾಬ್ಲೆಟ್ಟು,
ಎರಡು ಚಪಾತಿ, ಜಿಗಣೆಗೆಂದು ಹೊಗೆಸೊಪ್ಪಿನ ಪೊಟ್ಟಣ.

ನಾನು ಹುಟ್ಟಿದ್ದು ಗಂಗೊಳ್ಳಿ ಹೊಳೆಯ ನಡುವಿನ ಕುದ್ರುವಿನಲ್ಲಿ.
ಅಲ್ಲಿ ಎತ್ತರವೆಂದರೆ ತೆಂಗು,
ಆಳವೆಂದರೆ ಅಮ್ಮನ ಹುಟ್ಟು ಮುಟ್ಟುವಷ್ಟು.
ವರ್ಷವಿಡೀ ಬೆನ್ನಿಗಂಟಿದ ಅಂಗಿ.
ಹತ್ತುವುದೆಂದರೆ ದೋಣಿ ಹತ್ತುವುದು
ಎಂದೇ ತಿಳಿದು ಬೆಳೆದವಳು.

ಹಾಗಾಗಿ ಮೊದಲ ಏರಿಗೇ ನನ್ನ ಉಸಿರು
ಬಲೆಯ ಮೀನಿನಂತೆ ಬಾಯಿ ತೆರೆಯಿತು.
ಮಾದು ಕಾಯಲಿಲ್ಲ.
ಏಲಕ್ಕಿ ಗಿಡಗಳ ನಡುವೆ ಅವನ ಕೆಂಪು ಟೋಪಿ
ಮುಳುಗಿತು, ಎದ್ದಿತು, ಮುಳುಗಿತು.

ಒಂಬತ್ತು ಮನೆಯ ಊರು. ಮನೆಗೆ ಮನೆ ಕಾಣುವುದಿಲ್ಲ,
ಕೇಳುತ್ತದೆ.
ಒಬ್ಬರ ಕೆಮ್ಮು ಇನ್ನೊಬ್ಬರ ಗದ್ದೆಯವರೆಗೂ ನಡೆದು ಬರುತ್ತದೆ.
ತೋಡಿಗೆ ಕಟ್ಟಿದ ಪುಟ್ಟ ಟರ್ಬೈನು
ಮಟಮಟ ಮಧ್ಯಾಹ್ನ ಒಂದು ಬಲ್ಬು ಉರಿಸುತ್ತಿತ್ತು.
ಆರಿಸಿದರೆ ಸುಟ್ಟುಹೋಗುತ್ತದಂತೆ.

ಕೋಳಿ ಎಷ್ಟು, ಎಂದೆ.
"ಸಂಜೆ ಎಣಿಸು. ಹಗಲಲ್ಲಿ ಅವು ಯಾರದ್ದೂ ಅಲ್ಲ,"
ಅಂದರು ದೇಚವ್ವ, ಸೌದೆ ಸೀಳುವ ಕೈ ನಿಲ್ಲಿಸದೆ.
ಹಂದಿ?
"ಎರಡು."
ನಾಯಿ?
"ಮೂರು. ಒಂದನ್ನು ಚಿರತೆ ಒಯ್ದಿತು, ಅದನ್ನೂ ಬರಿ."
ಚಿರತೆ ಒಯ್ದದ್ದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ.
ಜೇನನ್ನು ನಾನು ಕೇಳಲೇ ಇಲ್ಲ. ಅವರೇ ಎದ್ದು
ಗೋಡೆಯ ಪೊಟರೆಗೆ ಕಿವಿಯಿಟ್ಟು, "ಇದ್ದಾವೆ" ಎಂದರು.
ದನ?
"ಮೇಲೆ."
ಬೆರಳು ತೋರಿದ್ದು ಮೋಡವನ್ನು.

ಊಟಕ್ಕೆ ಕಡಂಬುಟ್ಟು, ಸಾರಿನಲ್ಲಿ ಕಪ್ಪು ಹುಳಿ.
ನನಗಿಂತ ಮೊದಲು ನಾಲಿಗೆಗೆ ಗುರುತು ಸಿಕ್ಕಿತು: ಉಪ್ಪಾಗೆ!
"ಪಣಪುಳಿ," ತಿದ್ದಿದರು.
ನಾವು ಮೀನಿಗೆ ಹಾಕುತ್ತೇವೆ.
"ನಾವು ಹಂದಿಗೆ."
ಇಬ್ಬರೂ ತುಸು ಹೊತ್ತು
ಮಾತಾಡದೆ ಆ ಮರದ ಕುರಿತು ಯೋಚಿಸಿದೆವು.

ಆಮೇಲೆ ಎರಡು ಸೇರು ಉಪ್ಪು ಕಟ್ಟಿಕೊಂಡು ಏರಿದೆವು.
ಅರವತ್ತರ ದೇಚವ್ವ ಮುಂದೆ, ಮೂವತ್ತರ ನಾನು ಹಿಂದೆ,
ನನ್ನನ್ನು ನೋಡಿ ನಗು ನುಂಗುತ್ತ ಮಾದು ಕೊನೆಗೆ.
ಕಾಡು ಮುಗಿದಲ್ಲಿ ಹುಲ್ಲು, ಸೊಂಟದುದ್ದ,
ಗಾಳಿಗೆ ಒಂದೇ ಕಡೆ ತಲೆ ಬಾಚಿಕೊಂಡ ಹುಲ್ಲು.

ಮಂಜು ಕೆಳಗಿನಿಂದ ಬಂತು,
ನಮ್ಮೂರಿನ ಉಬ್ಬರದ ಹಾಗೆ, ಅವಸರವಿಲ್ಲದೆ.
ಮೊದಲು ಗದ್ದೆ ಹೋಯಿತು. ಆಮೇಲೆ ತೋಡಿನ ಸದ್ದು.
ಕೊನೆಗೆ ಆ ಹಟಮಾರಿ ಬಲ್ಬು.
ಉಳಿದದ್ದು ನಾಲ್ಕು ನೆತ್ತಿ, ಬಿಳಿಯ ನಡುವೆ.
ಒಂದರ ಮೇಲೆ ನಾವು.

ಕುದ್ರು, ಅಂದುಬಿಟ್ಟೆ.
"ಹಾಗೆಂದರೆ?"
ಸುತ್ತ ನೀರಿರುವ ನೆಲ.
"ದಾಟುವುದು ಹೇಗೆ?"
ಕಡವಿನಲ್ಲಿ ನಿಂತು ಕೂಗಬೇಕು. ದೋಣಿ ಬರುವ ತನಕ ಕಾಯಬೇಕು.
"ಅಷ್ಟೇ ತಾನೆ," ಎಂದು
ಬಾಯಿಗೆ ಎರಡೂ ಕೈ ಅಡ್ಡ ಹಿಡಿದು
ದೇಚವ್ವ ಮಂಜಿನ ಆಚೆ ದಡಕ್ಕೆ ಕೂಗಿದರು.

ಏನೂ ಇಲ್ಲ.
ಏನೂ ಇಲ್ಲ.
ಮರದ ಗಂಟೆಯೊಂದು ಲೊಟಕ್ಕೆಂದಿತು.
ಮೊದಲು ಕೊಂಬು, ಆಮೇಲೆ ಹಣೆ, ಆಮೇಲೆ ಹೊಟ್ಟೆಯ ಭಾರ,
ಒಂದರ ಹಿಂದೊಂದು ದಡ ಹತ್ತಿದವು.

ಬಂಡೆಯ ಮೇಲೆ ಉಪ್ಪು ಸುರಿದೆವು. ನನ್ನ ಅಂಗೈಯಲ್ಲೂ ಒಂದು ಹಿಡಿ.
ಇದು ನಮ್ಮ ಕಡಲಿನದು ಎಂದು ಹೇಳಬೇಕೆನಿಸಿತ್ತು,
ಪ್ಯಾಕೆಟ್ಟಿನ ಮೇಲೆ ಗುಜರಾತಿನ ವಿಳಾಸ. ಇರಲಿ.
ಅರದಂಥ ನಾಲಿಗೆ ಬಂದು
ನನ್ನ ಕೈಯ ರೇಖೆಗಳನ್ನೆಲ್ಲ ಒರೆಸಿಹಾಕಿತು.

ನಾನು ಎಣಿಸಿದಾಗ ಹನ್ನೊಂದು. ಮಾದು ಎಣಿಸಿದಾಗ ಹನ್ನೆರಡು.
ಕಿವಿ ಹರಿದ ಒಂದು ಕಂದು ಹಸು,
ಯಾರ ಗುರುತೂ ಇಲ್ಲ, ಗಂಟೆಯೂ ಇಲ್ಲ.
ಇದು ಯಾರ ಮನೆಯದು, ಎಂದೆ.
ದೇಚವ್ವ ಅದರ ಗಂಗೆದೊಗಲು ನೀವುತ್ತ,
"ಉಪ್ಪಿಗೆ ಬಂತಲ್ಲ. ಬರಿ," ಎಂದರು.

ಪರದೆಯಲ್ಲಿ ಸಣ್ಣ ಚಕ್ರವೊಂದು ಸುತ್ತುತ್ತಿತ್ತು:
ನೀವಿರುವ ಸ್ಥಳ ಸಿಗುತ್ತಿಲ್ಲ.
ಹನ್ನೆರಡು ಎಂದು ಒತ್ತಿದೆ.
ಇಳಿಯಲು ಮಂಜು ಇಳಿಯಬೇಕಿತ್ತು.
ಜೊಲ್ಲು ಒಣಗದ ಕೈ ಲಂಗಕ್ಕೆ ಒರೆಸದೆ
ಕಡವಿನಲ್ಲಿ ಕೂತ ಹಾಗೆ ಕೂತೆ.